ಹೊರಗಿನಿಂದ ಬಂದ ಮಾಸ್ತರು: ಸಿಯೋಲ್‌ನಿಂದ ಗೋಕಾಕದ ತನಕ



ಈ ಸಲದ ಮಾತು ಹುಟ್ಟಿದ್ದು ಮೂಡಲಗಿಯ ಕೇಳುಗರೊಬ್ಬರು ಕಳಿಸಿದ ವಾಯ್ಸ್ ಮೆಸೇಜಿನಿಂದ. "ಸರ, ನಾ ಇಂಗ್ಲಿಷ್‌ನ್ಯಾಗ ಎಂ.ಎ. ಮುಗಿಸೇನ್ರಿ. ಬಿ.ಎಡ್‌ನೂ ಆಗೇತ್ರಿ. ಕೊರಿಯಾದಾಗ ಇಂಗ್ಲಿಷ್ ಟೀಚರ್ ಕೆಲಸ ಸಿಗತೈತೇನ್ರಿ?" ಅಂತ ಕೇಳಿದ್ರು. ಕೊರಿಯಾದ ಸೀರಿಯಲ್ಲು, ಹಾಡು ಎಲ್ಲ ನಮ್ಮ ಮೊಬೈಲಿಗೆ ಬಂದ ಮೇಲೆ ಈ ಪ್ರಶ್ನೆ ಬರೋದು ಸಹಜ. ನೇರ ಉತ್ತರ ಮೊದಲೇ ಹೇಳಿಬಿಡ್ತೀನಿ.

ದಕ್ಷಿಣ ಕೊರಿಯಾದಲ್ಲಿ ವಿದೇಶಿ ಭಾಷಾ ಶಿಕ್ಷಕರಿಗೆ ಕೊಡೋದು ಇ-2 ಅನ್ನೋ ವೀಸಾ. ಇಂಗ್ಲಿಷ್ ಕಲಿಸೋಕೆ ಅದು ಸಾಮಾನ್ಯವಾಗಿ ಸಿಗೋದು ಏಳು ದೇಶದ ನಾಗರಿಕರಿಗೆ ಮಾತ್ರ: ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಇಂಗ್ಲಿಷ್ ಇವರ ಹುಟ್ಟು ಭಾಷೆ ಅಂತ ಲೆಕ್ಕ. ಭಾರತ ಆ ಪಟ್ಟಿಯಲ್ಲಿಲ್ಲ. ಆದರೆ 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದ ಒಂದು ಸಣ್ಣ ಕಿಂಡಿ ತೆಗೆಯಿತು. ಪದವಿ ಜೊತೆಗೆ ಶಿಕ್ಷಕರ ಅರ್ಹತೆಯೂ ಇರೋ ಭಾರತೀಯರು ಅಲ್ಲಿನ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಬಹುದು. ಅರ್ಜಿ ಹಾಕೋ ಮುಂಚೆ ಕೊರಿಯಾ ರಾಯಭಾರ ಕಚೇರಿಯ ಇವತ್ತಿನ ನಿಯಮ ನೋಡ್ಕೊಳ್ಳಿ. ನಡುವೆ ಏಜೆಂಟರ ಮಾತು ನಂಬಿ ದುಡ್ಡು ಕೊಡಬೇಡಿ.

ಉತ್ತರ ಕೊಟ್ಟಾಯ್ತು. ಆದರೆ ಆ ಏಳು ದೇಶದ ಪಟ್ಟಿ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಒಂದು ಭಾಷೆ ಕಲಿಸೋ ಯೋಗ್ಯತೆ ಎಲ್ಲಿಂದ ಬರುತ್ತೆ, ಹುಟ್ಟಿನಿಂದಲೋ ಓದಿನಿಂದಲೋ? ಹೊರಗಿನಿಂದ ಬಂದ ಮಾಸ್ತರು ಕ್ಲಾಸಿನಲ್ಲಿ ನಿಂತಾಗ, ಮಕ್ಕಳ ಮನೆಮಾತಿಗೆ ಎಲ್ಲಿ ಜಾಗ? ಈ ಪ್ರಶ್ನೆಗಳಿಗೆ ಇತಿಹಾಸದಲ್ಲಿ ಉತ್ತರ ಇದೆ. ಅದರಲ್ಲಿ ಅರ್ಧ ಕೊರಿಯಾದಲ್ಲಿದೆ, ಇನ್ನರ್ಧ ನಮ್ಮ ಗೋಕಾಕ, ಹುಕ್ಕೇರಿ ಕಡೆಯಲ್ಲೇ ಇದೆ.

ಮೊದಲು ಅಲ್ಲಿನ ದಿನಚರಿ ಹೇಳ್ತೀನಿ. ಕೊರಿಯಾ ಸರ್ಕಾರ 1995ರಲ್ಲಿ ಎಪಿಕ್ ಅನ್ನೋ ಕಾರ್ಯಕ್ರಮ ಶುರು ಮಾಡಿ, ಸರ್ಕಾರಿ ಶಾಲೆಗಳಿಗೆ ವಿದೇಶಿ ಇಂಗ್ಲಿಷ್ ಶಿಕ್ಷಕರನ್ನು ಕರೆಸಿಕೊಳ್ಳತೊಡಗಿತು. ಸಾಮಾನ್ಯವಾಗಿ ಒಂದು ವರ್ಷದ ಕರಾರು, ಇರೋಕೆ ಮನೆ ಅವರದೇ. ಶಾಲೆ ಒಳಗೆ ಹೋಗುವಾಗ ಹೊರಗಿನ ಚಪ್ಪಲಿ-ಬೂಟು ಬಿಟ್ಟು ಒಳಗಿನ ಚಪ್ಪಲಿ ಹಾಕ್ಕೋಬೇಕು. ಕ್ಲಾಸಿನಲ್ಲಿ ಪಕ್ಕಕ್ಕೆ ಒಬ್ಬ ಕೊರಿಯನ್ ಶಿಕ್ಷಕರೂ ಇರ್ತಾರೆ. ಮಧ್ಯಾಹ್ನ ಮಕ್ಕಳ ಜೊತೆ ಸ್ಟೀಲ್ ತಟ್ಟೆಯಲ್ಲಿ ಅನ್ನ, ಸಾರು, ಕಿಮ್ಚಿ. ಮಕ್ಕಳು ಮಾಸ್ತರರನ್ನು ಹೆಸರು ಹಿಡಿದು ಕರೆಯಲ್ಲ, "ಸೊನ್ಸೆಂಗ್‌ನಿಮ್" ಅಂತಾರೆ. ಕೊನೆಯ "ನಿಮ್" ಮರ್ಯಾದೆಗೆ, ನಮ್ಮ "ಮಾಸ್ತರ್ರು", "ಅಕ್ಕೋರು" ಅನ್ನೋದರ ಕೊನೆಯ "ರು" ಇದ್ದ ಹಾಗೆ.

ಸರ್ಕಾರಿ ಶಾಲೆ ಬಿಟ್ಟರೆ ಹಾಗ್ವೊನ್ ಅನ್ನೋ ಖಾಸಗಿ ಟ್ಯೂಷನ್ ಸೆಂಟರುಗಳಿವೆ. ಶಾಲೆ ಮುಗಿಸಿ ಬಂದ ಮಕ್ಕಳು ಅಲ್ಲಿ ರಾತ್ರಿವರೆಗೆ ಕೂರ್ತಾರೆ. ಅತಿಯಾಯ್ತು ಅಂತ ಸಿಯೋಲ್ ನಗರದಲ್ಲಿ ರಾತ್ರಿ 10ರ ಮೇಲೆ ಹಾಗ್ವೊನ್ ನಡೆಸಬಾರದು ಅಂತ ನಿಯಮವೇ ಇದೆ. ಇಂಗ್ಲಿಷ್ ಬಂದರೆ ಒಳ್ಳೆ ಕಾಲೇಜು, ಒಳ್ಳೆ ನೌಕರಿ ಅನ್ನೋ ನಂಬಿಕೆ. ಇದು ನಮಗೆ ಹೊಸದಲ್ಲ ಬಿಡಿ.

ಈಗ 140 ವರ್ಷ ಹಿಂದಕ್ಕೆ ಹೋಗೋಣ. 1886ರಲ್ಲಿ ಹೋಮರ್ ಹಲ್ಬರ್ಟ್ ಎಂಬ 23 ವರ್ಷದ ಅಮೆರಿಕನ್ ಹುಡುಗ ಸಿಯೋಲ್‌ಗೆ ಬಂದಿಳಿದ. ರಾಜ ಗೊಜೊಂಗ್ ದೊಡ್ಡ ಮನೆತನದ ಹುಡುಗರಿಗಾಗಿ ತೆರೆದ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸೋ ಕೆಲಸ. ಇವತ್ತು ಕೊರಿಯಾಕ್ಕೆ ಹೋಗೋ ಇಂಗ್ಲಿಷ್ ಶಿಕ್ಷಕರ ಹಿರಿಯಣ್ಣ ಅನ್ನಬಹುದು.

ಕಲಿಸೋಕೆ ಬಂದವನು ಕಲಿಯೋಕೆ ಶುರು ಮಾಡಿದ. ಕೊರಿಯನ್ನರಿಗೆ ಹಂಗುಲ್ ಅನ್ನೋ ಸ್ವಂತ ಲಿಪಿ ಇದೆ. ರಾಜ ಸೆಜೊಂಗ್ 1446ರಲ್ಲಿ ಅದನ್ನು ಜನರ ಕೈಗೆ ಕೊಟ್ಟಿದ್ದ. ಈಗ ಲೆಕ್ಕಕ್ಕೆ 24 ಮೂಲ ಅಕ್ಷರ. ಆದರೆ ಹಲ್ಬರ್ಟ್ ಬಂದಾಗ ಪಂಡಿತರು ಬರೀತಿದ್ದದ್ದು ಚೀನೀ ಅಕ್ಷರದಲ್ಲಿ. ಹಂಗುಲ್ ಅಂದ್ರೆ ಹೆಂಗಸರು, ಬಡವರು ಬಳಸೋದು ಅಂತ ಅವರಿಗೆ ತಾತ್ಸಾರ. ಹಲ್ಬರ್ಟ್‌ಗೆ ಇದು ವಿಚಿತ್ರ ಅನಿಸಿತು. ಬಂದ ಕೆಲವೇ ವರ್ಷಗಳಲ್ಲಿ ಅವನು ಪೂರ್ತಿ ಹಂಗುಲ್‌ನಲ್ಲೇ ಒಂದು ಪಠ್ಯಪುಸ್ತಕ ಬರೆದ. ಹೆಸರು "ಸಾಮಿನ್ ಪಿಲ್ಜಿ", ಅಂದ್ರೆ ಪಂಡಿತರೂ ಸಾಮಾನ್ಯರೂ ತಿಳಿಯಲೇಬೇಕಾದ ಸಂಗತಿ. ಅದರಲ್ಲಿ ಇದ್ದದ್ದು ಪ್ರಪಂಚದ ಭೂಗೋಳ. ಇಂಗ್ಲಿಷ್ ಮಾಸ್ತರು ಕೊರಿಯಾಕ್ಕೆ ಕೊಟ್ಟ ದೊಡ್ಡ ಕಾಣಿಕೆ ಕೊರಿಯನ್ ಭಾಷೆಯಲ್ಲೇ ಇತ್ತು.

ಇನ್ನೊಂದು ವಿಷಯ ಕೇಳಿ. ಇದೇ ಹಲ್ಬರ್ಟ್ 1905ರಲ್ಲಿ ಕೊರಿಯನ್ ಭಾಷೆಯನ್ನು ಭಾರತದ ದ್ರಾವಿಡ ಭಾಷೆಗಳ ಜೊತೆ ಹೋಲಿಸಿ ಒಂದು ವ್ಯಾಕರಣ ಬರೆದ! ಕೊರಿಯನ್‌ನಲ್ಲೂ ಅಪ್ಪನಿಗೆ "ಅಪ್ಪಾ" ಅಂತಾರೆ, ಸೀರಿಯಲ್ಲಿನಲ್ಲಿ ನೀವೂ ಕೇಳಿರ್ತೀರಿ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತೆ, ನಮ್ಮ ವಿಭಕ್ತಿ ಹಾಗೆ ಪ್ರತ್ಯಯ ನಾಮಪದದ ಹಿಂದೆ ಅಂಟುತ್ತೆ. ಆದರೆ ಇವೆರಡೂ ಒಂದೇ ಬಳ್ಳಿಯ ಭಾಷೆಗಳು ಅನ್ನೋದನ್ನು ಇವತ್ತಿನ ಭಾಷಾತಜ್ಞರು ಒಪ್ಪಲ್ಲ. ಕನ್ನಡದವರಿಗೆ ಕೊರಿಯನ್ ವಾಕ್ಯದ ಜೋಡಣೆ ಬೇಗ ಹಿಡಿಸುತ್ತೆ, ಅಷ್ಟು ಲಾಭ ಸಾಕು.

ಮುಂದೆ ಜಪಾನ್ ಕೊರಿಯಾವನ್ನು ನುಂಗತೊಡಗಿತು. 1907ರಲ್ಲಿ ಹಲ್ಬರ್ಟ್ ಕೊರಿಯಾದ ಪರ ಮಾತಾಡೋಕೆ ಹೇಗ್ ನಗರದವರೆಗೂ ಹೋದ. ಅದು ಫಲ ಕೊಡಲಿಲ್ಲ. 1910ರಿಂದ 1945ರ ತನಕ ಜಪಾನೀಯರ ಆಳ್ವಿಕೆ ನಡೆಯಿತು. ಆಗ ಕೊರಿಯಾದ ಕ್ಲಾಸಿಗೆ ಇನ್ನೊಂದು ರೀತಿಯ ಹೊರಗಿನ ಭಾಷೆ ಬಂತು. 1938ರಲ್ಲಿ ಶಾಲೆಗಳಲ್ಲಿ ಕೊರಿಯನ್ ಭಾಷೆ ಬೇಕಾದರೆ ಕಲಿ, ಬೇಡದಿದ್ದರೆ ಬಿಡು ಅನ್ನೋ ವಿಷಯವಾಯ್ತು. 1942ರಲ್ಲಿ ಕೊರಿಯನ್ ನಿಘಂಟು ಮಾಡ್ತಿದ್ದ ವಿದ್ವಾಂಸರನ್ನೇ ಜೈಲಿಗೆ ಹಾಕಿದರು. ಅವರ ಹಸ್ತಪ್ರತಿ ಸ್ವಾತಂತ್ರ್ಯ ಬಂದ ಮೇಲೆ, 1945ರಲ್ಲಿ, ಸಿಯೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಸಿಕ್ಕಿತು. ಹಲ್ಬರ್ಟ್ 1949ರಲ್ಲಿ, 86ನೇ ವಯಸ್ಸಿನಲ್ಲಿ, ಕೊರಿಯಾಕ್ಕೆ ವಾಪಸ್ ಬಂದು ಅಲ್ಲೇ ತೀರಿಕೊಂಡ. ಅವನ ಸಮಾಧಿ ಸಿಯೋಲ್‌ನಲ್ಲೇ ಇದೆ.

ನೋಡಿ, ಹೊರಗಿನಿಂದ ಬಂದ ಭಾಷೆ ಎರಡೂ ಸಲ ಶಾಲೆಯ ಬಾಗಿಲಿನಿಂದಲೇ ಬಂತು. ಒಂದು ಸಲ ಮಕ್ಕಳ ಮಾತಿನ ಪಕ್ಕ ಕೂತಿತು, ಇನ್ನೊಂದು ಸಲ ಅದರ ಮೇಲೆ ಕೂತಿತು. ಈ ವ್ಯತ್ಯಾಸ ಮನಸ್ಸಲ್ಲಿಟ್ಟುಕೊಂಡು ನಮ್ಮ ಊರಿಗೆ ಬನ್ನಿ.

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದ ಮೇಲೆ ಗೋಕಾಕ, ಹುಕ್ಕೇರಿ ಸೀಮೆ ಹಂತಹಂತವಾಗಿ ಬ್ರಿಟಿಷರ ಕೈಗೆ ಬಂತು, ಮುಂಬೈ ಪ್ರಾಂತಕ್ಕೆ ಸೇರಿತು. 1836ರಲ್ಲಿ ಧಾರವಾಡದಿಂದ ಬೇರೆಯಾಗಿ ಬೆಳಗಾವಿ ಜಿಲ್ಲೆ ಆಯ್ತು. ಇವತ್ತಿನ ಮೂಡಲಗಿ ತಾಲೂಕು ಆಗ ಇರಲಿಲ್ಲ, ಅದು ಗೋಕಾಕದಿಂದ ಬೇರೆಯಾಗಿದ್ದು ಈಚೆಗೆ. ಕಚೇರಿ ಕಾಗದ ಮರಾಠಿಯಲ್ಲಿ ನಡೀತಿತ್ತು. ಬ್ರಿಟಿಷರು ಅದನ್ನೇ ಮುಂದುವರಿಸಿದರು. ಕಚೇರಿಯ ಭಾಷೆ ಯಾವುದೋ ನೌಕರಿಯ ಭಾಷೆ ಅದೇ. ನೌಕರಿಯ ಭಾಷೆ ಯಾವುದೋ ಶಾಲೆಯ ಭಾಷೆ ಅದೇ. ಹೀಗೆ ಮನೆಯಲ್ಲಿ ಕನ್ನಡ ಆಡೋ ಎಷ್ಟೋ ಮಕ್ಕಳು ಶಾಲೆಯಲ್ಲಿ ಮರಾಠಿ ಅಕ್ಷರ ತಿದ್ದಿದರು.

ಇದಕ್ಕೆ ಸಾಕ್ಷಿ ಹುಡುಕೋಕೆ ಹಳೇ ದಾಖಲೆಯೇ ಬೇಕಿಲ್ಲ, ನಮ್ಮ ಬಾಯಲ್ಲೇ ಇದೆ. ನಮ್ಮ ಕಡೆ ಹಿರಿಯರು ಸ್ಲೇಟಿಗೆ "ಪಾಟಿ" ಅಂತಾರೆ. ತರಗತಿಗೆ "ಇಯತ್ತೆ", ಹಾಜರಿಗೆ "ಹಜೇರಿ", ರಜಕ್ಕೆ "ಸೂಟಿ". ಏಳನೇ ಇಯತ್ತೆ ಪರೀಕ್ಷೆಗೆ "ಮುಲ್ಕಿ". ಬೆಂಗಳೂರಿನ ಗೆಳೆಯರಿಗೆ ಇವು ಅರ್ಥ ಆಗಲ್ಲ. ಇವೆಲ್ಲ ಮರಾಠಿ ಶಾಲೆ ಬಿಟ್ಟುಹೋದ ಗುರುತು. ನನಗೆ ಈ ಪದಗಳ ಮೇಲೆ ಸಿಟ್ಟಿಲ್ಲ, ಪ್ರೀತಿನೇ ಇದೆ. ಮರಾಠಿ ನಮ್ಮ ನೆರೆಯ ಭಾಷೆ. ಎಷ್ಟೋ ಮನೆಗಳಲ್ಲಿ ಎರಡೂ ಓಡಾಡ್ತವೆ. ಆ ಮಾಸ್ತರರೂ ಹೊಟ್ಟೆಪಾಡಿಗೆ ಬಂದವರು, ತಮಗೆ ಬಂದದ್ದನ್ನು ಕಲಿಸಿದರು. ತೊಂದರೆ ಇದ್ದದ್ದು ಮಗುವಿನ ಸ್ವಂತ ಮಾತಿಗೆ ಅಲ್ಲಿ ಜಾಗವೇ ಇಲ್ಲದ್ದರಲ್ಲಿ. ಓದು ಅಂದ್ರೆ ಅರ್ಥವಾಗದ್ದನ್ನು ಬಾಯಿಪಾಠ ಮಾಡೋದು ಅಂತ ಆಗಿಬಿಟ್ಟಿತ್ತು.

ಇದನ್ನು ಬದಲಿಸಿದವರಲ್ಲಿ ಮುಖ್ಯರು ಡೆಪ್ಯುಟಿ ಚನ್ನಬಸಪ್ಪ. 1834ರಲ್ಲಿ ಧಾರವಾಡದಲ್ಲಿ ಹುಟ್ಟಿದರು, ಪುಣೆಯಲ್ಲಿ ಓದಿದರು. ಅಂದ್ರೆ ಮರಾಠಿ, ಇಂಗ್ಲಿಷ್ ಎರಡೂ ಚೆನ್ನಾಗಿ ಬಲ್ಲವರು. ಶೇಕ್ಸ್‌ಪಿಯರನ "ಕಾಮಿಡಿ ಆಫ್ ಎರರ್ಸ್" ಕನ್ನಡಕ್ಕೆ ತಂದವರೂ ಇವರೇ. ಶಿಕ್ಷಕರಿಗೆ ತರಬೇತಿ ಕೊಡೋ ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿದ್ದು, ಆಮೇಲೆ ಬೆಳಗಾವಿ ಜಿಲ್ಲೆಯ ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರ್ ಆದರು. "ಡೆಪ್ಯುಟಿ" ಅನ್ನೋ ಹುದ್ದೆ ಅವರ ಹೆಸರಿಗೇ ಅಂಟಿಕೊಂಡುಬಿಟ್ಟಿತು.

1860ರ ದಶಕದಲ್ಲಿ ರಸೆಲ್ ಎಂಬ ಬ್ರಿಟಿಷ್ ಶಿಕ್ಷಣಾಧಿಕಾರಿಯ ಬೆಂಬಲ ಪಡೆದು, ಕನ್ನಡ ಮಕ್ಕಳಿದ್ದ ಕಡೆ ಮರಾಠಿ ಶಾಲೆಗಳನ್ನು ಕನ್ನಡ ಶಾಲೆಗಳಾಗಿ ಬದಲಾಯಿಸೋ ಕೆಲಸ ಹಿಡಿದರು. ಬೋರ್ಡ್ ಬದಲಾಯಿಸಿದರೆ ಆಗೋ ಕೆಲಸ ಅಲ್ಲ ಅದು. ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರು ಬೇಕು, ಪಠ್ಯಪುಸ್ತಕ ಬೇಕು, ಮಾಸ್ತರರಿಗೆ ಓದೋಕೆ ಒಂದು ಪತ್ರಿಕೆ ಬೇಕು. ಧಾರವಾಡದ ತರಬೇತಿ ಶಾಲೆ, ಅಲ್ಲಿಂದ ಹೊರಟ "ಮಠಪತ್ರಿಕೆ", ಹೊಸ ಕನ್ನಡ ಪುಸ್ತಕಗಳು ಎಲ್ಲ ಇದೇ ಕೆಲಸದ ಭಾಗ. ಚನ್ನಬಸಪ್ಪನವರು 1881ರಲ್ಲಿ ತೀರಿಕೊಂಡರು. ಅವರಿಗೆ ಐವತ್ತೂ ತುಂಬಿರಲಿಲ್ಲ. ಮುಂದೆ ಈ ಭಾಗದಿಂದ ಬಂದ ಬರಹಗಾರರನ್ನು ನೋಡಿ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಆನಂದಕಂದ ಬೆಟಗೇರಿ ಕೃಷ್ಣಶರ್ಮ, ಅದೇ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿ. ಕನ್ನಡ ಶಾಲೆ ಇಲ್ಲದಿದ್ದರೆ ಇವರು ಯಾವ ಭಾಷೆಯಲ್ಲಿ ಬರೀತಿದ್ದರೋ!

ಈಗ ಗೋಕಾಕ ಅನ್ನೋ ಹೆಸರಿಗೇ ಬರ್ತೀನಿ. "ಗೋಕಾಕ್ ಚಳವಳಿ" ಅಂದ್ರೆ ಗೋಕಾಕ ಊರಲ್ಲಿ ನಡೆದದ್ದು ಅಂತ ಎಷ್ಟೋ ಹುಡುಗರು ಅಂದ್ಕೊಂಡಿದಾರೆ. ಅದು ವ್ಯಕ್ತಿಯ ಹೆಸರು. ವಿನಾಯಕ ಕೃಷ್ಣ ಗೋಕಾಕ್, ಹುಟ್ಟಿದ್ದು 1909ರಲ್ಲಿ ಸವಣೂರಿನಲ್ಲಿ. ಮನೆತನದ ಹೆಸರಲ್ಲಿ ಮಾತ್ರ ನಮ್ಮೂರು. ಅವರ ವೃತ್ತಿ ಏನು ಗೊತ್ತಾ? ಇಂಗ್ಲಿಷ್ ಮಾಸ್ತರಿಕೆ. ಪುಣೆ, ಸಾಂಗ್ಲಿ, ಗುಜರಾತಿನ ವಿಸನಗರ, ಕೊಲ್ಹಾಪುರ, ಹೀಗೆ ಪರಭಾಷೆಯ ಊರುಗಳಲ್ಲೇ ವರ್ಷಾನುಗಟ್ಟಲೆ ಕಾಲೇಜಿನಲ್ಲಿದ್ದರು. ನಡುವೆ ಆಕ್ಸ್‌ಫರ್ಡ್‌ಗೆ ಹೋಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಮೊದಲ ದರ್ಜೆ ಪಡೆದು 1938ರಲ್ಲಿ ಮರಳಿದರು. ಇಂಗ್ಲಿಷ್ ಶಿಕ್ಷಕರಿಗೇ ಕಲಿಸೋಕೆ ಅಂತ 1958ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಕೇಂದ್ರ ಸಂಸ್ಥೆಗೆ ನಿರ್ದೇಶಕರಾದರು. ಇವತ್ತಿನ ಇ-2 ಪಟ್ಟಿ ಹಿಡಿದು ನೋಡಿದರೆ ಇಂಥವರನ್ನೂ ಪಾಸ್‌ಪೋರ್ಟಿನ ಬಣ್ಣ ನೋಡಿ ಸಾಲಿನ ಹೊರಗೆ ನಿಲ್ಲಿಸಬೇಕು.

ಇದೇ ಇಂಗ್ಲಿಷ್ ಮಾಸ್ತರರನ್ನು 1980ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಭಾಷೆಯ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿತು. ಆಗ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತಗೊಂಡು, ಕನ್ನಡ ಓದದೆಯೇ ಎಸ್ಸೆಸ್ಸೆಲ್ಸಿ ದಾಟಬಹುದಿತ್ತು. 1981ರ ಜನವರಿಯಲ್ಲಿ ವರದಿ ಬಂತು: ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆ ಆಗಬೇಕು, ಅದಕ್ಕೆ 150 ಅಂಕ ಇರಬೇಕು. ಜಾರಿಗೆ ತನ್ನಿ ಅಂತ ಚಳವಳಿ ಎದ್ದಿತು. 1982ರಲ್ಲಿ ಡಾ. ರಾಜ್‌ಕುಮಾರ್ ಇಳಿದ ಮೇಲೆ ಅದು ಮನೆಮನೆಯ ಮಾತಾಯ್ತು. ಇಂಗ್ಲಿಷ್ ಕಲಿಸಿಯೇ ಜೀವನ ಕಳೆದ ಮನುಷ್ಯ ಕನ್ನಡ ಮೊದಲಿರಲಿ ಅಂದಿದ್ದು ವಿರೋಧಾಭಾಸ ಅಂತ ನನಗೆ ಅನಿಸಲ್ಲ. ಮಗು ಎರಡನೇ ಭಾಷೆಯನ್ನು ನಿಂತು ಕಲಿಯೋದು ಮೊದಲನೇ ಭಾಷೆಯ ನೆಲದ ಮೇಲೆ. ಇದು ಪಾಠ ಮಾಡಿದ ಮಾಸ್ತರರಿಗೆ ಚೆನ್ನಾಗಿ ಗೊತ್ತಿರುತ್ತೆ.

ಹಲ್ಬರ್ಟ್, ಚನ್ನಬಸಪ್ಪ, ಗೋಕಾಕ್. ಮೂವರೂ ಪರಭಾಷೆಯನ್ನು ಚೆನ್ನಾಗಿ ಬಲ್ಲವರು, ಮೂವರೂ ಮಕ್ಕಳ ಮನೆಮಾತನ್ನು ಕ್ಲಾಸಿನೊಳಗೆ ಕರೆದವರು. ಇವತ್ತು ನಮ್ಮ ಮೂರೂ ತಾಲೂಕುಗಳಲ್ಲಿ ಹಳದಿ ವ್ಯಾನುಗಳು ಬೆಳಗ್ಗೆ ಹಳ್ಳಿಹಳ್ಳಿಯಿಂದ ಮಕ್ಕಳನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಒಯ್ತವೆ. ಕಳಿಸೋ ಅಪ್ಪ-ಅವ್ವಂದಿರು ಮಾಡ್ತಿರೋದು ತಪ್ಪು ಅಂತ ನಾನು ಹೇಳಲ್ಲ. ನೌಕರಿಯ ಭಾಷೆಯ ಹಿಂದೆ ಆಗಲೂ ಜನ ಓಡಿದ್ದರು, ಕೊರಿಯಾದಲ್ಲೂ ಓಡ್ತಿದಾರೆ. ಆದರೆ ಆ ಶಾಲೆಯಲ್ಲಿ ಮಗು ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದರೆ ಮಾಸ್ತರರು ಉತ್ತರ ಕೊಡ್ತಾರಾ, ದಂಡ ಹಾಕ್ತಾರಾ? ನಿಮ್ಮ ಮನೆ ಮಗುವನ್ನೇ ಕೇಳಿ ನೋಡ್ರಿ.

ಮತ್ತೆ ಸಿಗೋಣ.