ಈಜುಕೊಳದ ಬಂಗಾರ

ಟೋಪಿ ಹಾಕುವವರ ಸಿನಿಮಾ ಅಂದ್ರೆ ನನಗೆ ಮೊದಲಿಂದಲೂ ಹುಚ್ಚು. 1973ರ ‘ದ ಸ್ಟಿಂಗ್’ ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಪಾಲ್ ನ್ಯೂಮನ್, ರಾಬರ್ಟ್ ರೆಡ್‌ಫರ್ಡ್ ಸೇರಿ ಒಬ್ಬ ದೊಡ್ಡ ಗ್ಯಾಂಗ್‌ಸ್ಟರ್‌ಗೆ ನಾಮ ಹಾಕ್ತಾರೆ, ಕೊನೆಯಲ್ಲಿ ನೋಡ್ತಾ ಕೂತ ನಮಗೂ ಹಾಕ್ತಾರೆ. ನಾವು ನಗ್ತಾ ಎದ್ದು ಬರ್ತೀವಿ. ದುಡ್ಡು ಕಳಕೊಂಡವನು ಕೊಲೆಗಡುಕ ತಾನೇ, ಅವನಿಗೋಸ್ಕರ ಅಳೋರು ಯಾರು?

ನಾನಿರುವ ಕುಕ್ ಟೌನ್‌ನಿಂದ ಶಿವಾಜಿನಗರದ ಲೇಡಿ ಕರ್ಜನ್ ರೋಡಿಗೆ, ಟ್ರಾಫಿಕ್ ಕೃಪೆ ಇದ್ದರೆ, ಹದಿನೈದು ನಿಮಿಷ. ಅಲ್ಲಿ ನಡೆದದ್ದನ್ನು ಸ್ಕ್ರಿಪ್ಟ್ ಮಾಡಿ ತೋರಿಸಿದರೆ ಯಾವ ನಿರ್ಮಾಪಕನೂ ‘ಸ್ವಲ್ಪ ಜಾಸ್ತಿ ಆಯ್ತು ಗುರೂ’ ಅಂತ ವಾಪಸ್ ಕೊಡ್ತಾನೆ.

ಮೊಹಮ್ಮದ್ ಮನ್ಸೂರ್ ಖಾನ್ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ, ಶುರು ಮಾಡಿದ್ದು 2006ರಲ್ಲಿ. ಬಡ್ಡಿ ಮುಟ್ಟಬಾರದು ಅಂತ ಬ್ಯಾಂಕಿನ ಎಫ್‌ಡಿಯಿಂದ ದೂರ ಉಳಿದ ಕುಟುಂಬಗಳಿಗೆ ಅದು ಹಲಾಲ್ ದಾರಿ ಅಂತ ಹೇಳಲಾಯಿತು. ನೀವು ಸಾಲ ಕೊಡೋದಲ್ಲ, ಪಾಲುದಾರರಾಗೋದು. ಬರೋದು ಬಡ್ಡಿಯಲ್ಲ, ಲಾಭದ ಪಾಲು. ಚಿನ್ನದಂಗಡಿ ಇತ್ತು, ಶಿವಾಜಿನಗರದ ಸರ್ಕಾರಿ ಶಾಲೆಯೊಂದಕ್ಕೆ ಹೊಸ ರೂಪ ಕೊಟ್ಟ ಹೆಸರಿತ್ತು. ತಿಂಗಳು ತಿಂಗಳು ಹಣ ಬಂತು. ಬಂದವರು ತಂಗಿಗೆ ಹೇಳಿದರು, ಭಾವನಿಗೆ ಹೇಳಿದರು, ಪಕ್ಕದ ಮನೆಯವರಿಗೆ ಹೇಳಿದರು. ಏಜೆಂಟರೇ ಬೇಕಿರಲಿಲ್ಲ.

1920ರಲ್ಲಿ ಬಾಸ್ಟನ್ನಿನ ಚಾರ್ಲ್ಸ್ ಪಾಂಜಿ ಕೂಡ ಹೊಸಬರ ದುಡ್ಡು ತೆಗೆದು ಹಳಬರಿಗೆ ಕೊಟ್ಟಿದ್ದ. 45 ದಿನಕ್ಕೆ ಶೇಕಡಾ 50 ಲಾಭ ಅಂದಿದ್ದ. ಅಲ್ಲಿ ಗಾಳಕ್ಕೆ ಸಿಕ್ಕಿಸಿದ್ದು ದುರಾಸೆ. ಇಲ್ಲಿ ಸಿಕ್ಕಿಸಿದ್ದು ಬಡ್ಡಿ ತಿನ್ನಬಾರದು ಅನ್ನೋ ನೇಮ. ನನ್ನ ಹೊಟ್ಟೆ ಉರಿಯೋದು ಅಲ್ಲೇ. ‘ಆಸೆ ಪಟ್ಟರು, ಅನುಭವಿಸಿದರು’ ಅಂತ ಆಗ ಎಷ್ಟು ಜನ ಹೇಳಿದರು! ಹೆಚ್ಚು ಲಾಭದ ಆಸೆ ಒಬ್ಬರಿಗೂ ಇರಲಿಲ್ಲ ಅಂತ ನಾನೂ ಅನ್ನಲ್ಲ. ಆದರೆ ಮಗಳ ಮದುವೆಗೆ ಕೂಡಿಟ್ಟಿದ್ದನ್ನು ತಂದು ಹಾಕಿದ ಆಟೋ ಡ್ರೈವರ್, ‘ದ ಸ್ಟಿಂಗ್’ನ ಗ್ಯಾಂಗ್‌ಸ್ಟರ್ ಅಲ್ಲ.

2019ರ ಜೂನ್. ಈದ್ ರಜೆ ಮುಗಿದರೂ ಬಾಗಿಲು ತೆಗೆಯಲಿಲ್ಲ. ಮಾಲೀಕರ ದನಿಯ ಆಡಿಯೋ ಒಂದು ಮೊಬೈಲಿಂದ ಮೊಬೈಲಿಗೆ ಹಾರಿತು: ಅಧಿಕಾರಿಗಳ ಲಂಚದ ಕಾಟ ತಾಳಲಾರೆ, ಸಾಯ್ತೀನಿ. ಅಷ್ಟರಲ್ಲಿ ಅವರು ದುಬೈ ತಲುಪಿ ಆಗಿತ್ತು. ಜುಲೈ 19ರಂದು ದೆಹಲಿ ಏರ್‌ಪೋರ್ಟಿನಲ್ಲಿ ಇಳಿದರು, ಜಾರಿ ನಿರ್ದೇಶನಾಲಯ ಬಂಧಿಸಿತು. ಶಿವಾಜಿನಗರದಲ್ಲಿ ಮಾತ್ರ ಬುರ್ಖಾ ತೊಟ್ಟ ಅಜ್ಜಿಯರು ರಸೀದಿ ಹಿಡಿದು ದೂರು ಕೊಡಲು ಕ್ಯೂ ನಿಂತಿದ್ದರು. ದೂರುಗಳು 40 ಸಾವಿರ ದಾಟಿದವು.

ಆಗಸ್ಟ್‌ನಲ್ಲಿ ಎಸ್‌ಐಟಿಯವರು ರಿಚ್‌ಮಂಡ್ ರೋಡಿನ ಒಂದು ಕಟ್ಟಡದ ಆರನೇ ಮಹಡಿಗೆ ಹೋದರು. ಅಲ್ಲೊಂದು ಈಜುಕೊಳ. ಅದರೊಳಗೆ 5,880 ಚಿನ್ನದ ಬಿಸ್ಕತ್ತು, ತೂಕ 303 ಕೆಜಿ. ಎಲ್ಲವೂ ನಕಲಿ! ಹಣ ಹಾಕುವವರಿಗೆ ನಂಬಿಕೆ ಬರಲಿ ಅಂತ ಇದನ್ನು ತೋರಿಸುತ್ತಿದ್ದರು ಅಂತ ತನಿಖೆಯವರ ಮಾತು. ಸುದ್ದಿ ಓದಿ ನಾನು ನಕ್ಕುಬಿಟ್ಟೆ, ಸುಳ್ಳು ಯಾಕೆ. ಆಮೇಲೆ ಆ ಕ್ಯೂ ನೆನಪಾಯ್ತು.

ಇದು ‘ಅವರ’ ಸಮುದಾಯದ ಕಥೆ ಅಂತ ಆಗ ಆಫೀಸಿನಲ್ಲಿ ಮಾತಾಡಿದವರೂ ಇದ್ದರು. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. 35,000 ರೂಪಾಯಿಗಿಂತ ಹೆಚ್ಚು ತೆಗೆಯುವ ಹಾಗಿಲ್ಲ. ಗುರುಗಳ ಹೆಸರಿದೆ, ನಮ್ಮವರದೇ ಬ್ಯಾಂಕು ಅಂತ ನಿವೃತ್ತಿಯ ದುಡ್ಡನ್ನೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರು ಪಾಸ್‌ಬುಕ್ ಹಿಡಿದು ಬಾಗಿಲಿಗೆ ಬಂದರು. ಈ ಸಲ ಆಫೀಸಿನಲ್ಲಿ ಯಾರೂ ಆಸೆಯ ಮಾತು ಎತ್ತಲಿಲ್ಲ.