ಸೊಂಟದ ಶಸ್ತ್ರಚಿಕಿತ್ಸೆ: ಕಿರುರಂಧ್ರದ ಹಿಂದೆ ಶವಪರೀಕ್ಷಣೆಯ ಪಾಠ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಸೊಂಟನೋವು ಹೊಸ ಕಾಯಿಲೆಯಲ್ಲ. ಅಡಿಕೆ ತೋಟದ ಹೊರೆ ಕೆಲಸ, ಗಂಟೆಗಟ್ಟಲೆ ಬಾಗಿ ಕುಳಿತು ಬೀಡಿ ಕಟ್ಟುವಿಕೆ ಇಲ್ಲಿನ ಬದುಕಿನ ಭಾಗ. ನೋವು ಕಾಲಿಗಿಳಿದು ಡಿಸ್ಕ್ ಜಾರಿದೆಯೆಂದು ತಿಳಿದಾಗ ರೋಗಿಗಳು ಮಂಗಳೂರು, ದೇರಳಕಟ್ಟೆ ಅಥವಾ ಮಣಿಪಾಲದ ಆಸ್ಪತ್ರೆಗಳತ್ತ ಮುಖ ಮಾಡುತ್ತಾರೆ. ಅಲ್ಲಿ ಕೇಳಿಬರುವ 'ಕೀಹೋಲ್' ಶಸ್ತ್ರಚಿಕಿತ್ಸೆಯೆಂಬ ಮಾತಿನ ಹಿಂದೆ ಅಂಗರಚನಾಶಾಸ್ತ್ರದ ದೀರ್ಘ ಪರಿಶ್ರಮವಿದೆ. (ಮರದಿಂದ ಬಿದ್ದು ಬೆನ್ನುಹುರಿಯೇ ಜಖಂಗೊಂಡವರ ಸಮಸ್ಯೆ ಬೇರೆ. ಅಂಥವರ ಪುನಶ್ಚೇತನಕ್ಕಾಗಿಯೇ ಬೆಳ್ತಂಗಡಿ ತಾಲೂಕಿನ ಸೌತಡ್ಕದಲ್ಲಿ ಸೇವಾಧಾಮವಿದೆ.)

ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ ಬದಿಗೆ ಸರಿಸುವುದರಿಂದ ವೈದ್ಯರಿಗೆ ನರಬೇರುಗಳು ನೇರವಾಗಿ ಕಾಣುತ್ತವೆ. ಕಿರುರಂಧ್ರದಲ್ಲಿ ಸ್ನಾಯು ಉಳಿಯುತ್ತದೆ, ರಕ್ತಸ್ರಾವ ತಗ್ಗುತ್ತದೆ. ಆದರೆ ನೋಟ ಕಿರಿದಾಗುತ್ತದೆ. ಕಾಣದ ಭಾಗದಲ್ಲಿ ಏನಿದೆ, ಎಷ್ಟು ಮಿಲಿಮೀಟರ್ ದೂರದಲ್ಲಿದೆ ಎಂಬುದು ಮೊದಲೇ ತಿಳಿದಿರಬೇಕು. ಆದ್ದರಿಂದಲೇ ಹೊಸ ಮಾರ್ಗವೊಂದನ್ನು ಮೊದಲು ಮೃತದೇಹದ ಮೇಲೆ ಪರೀಕ್ಷಿಸಿ, ಉಪಕರಣ ಒಳಗಿರುವಂತೆಯೇ ವಿಚ್ಛೇದನ ನಡೆಸಿ, ನರ ಮತ್ತು ರಕ್ತನಾಳಗಳಿಗಿರುವ ಅಂತರವನ್ನು ಅಳೆಯಲಾಗುತ್ತದೆ.

ಇದಕ್ಕೆ ಪ್ರಸಿದ್ಧ ನಿದರ್ಶನ 'ಕಾಂಬಿನ್ ತ್ರಿಕೋನ'. 1970ರ ದಶಕದಿಂದ ಚರ್ಮದ ಮೂಲಕವೇ ಡಿಸ್ಕ್ ತಲುಪುವ ಪ್ರಯತ್ನ ನಡೆಸಿದ ಅಮೆರಿಕದ ವೈದ್ಯ ಪರ್ವೀಜ್ ಕಾಂಬಿನ್ ಅವರ ಹೆಸರು ಇದಕ್ಕೆ ಬಂದಿದೆ. ಹೊರಹೋಗುವ ನರಬೇರು, ಕೆಳಗಿನ ಕಶೇರುವಿನ ಮೇಲಂಚು ಹಾಗೂ ಕೆಳಗಿಳಿಯುವ ನರಬೇರುಗಳ ನಡುವಣ ಈ ಜಾಗದಲ್ಲಿ ನಳಿಕೆ ತೂರಿಸಬಹುದು. ಎಷ್ಟು ದಪ್ಪದ ನಳಿಕೆ ಸುರಕ್ಷಿತವೆಂಬುದಕ್ಕೆ ಉತ್ತರ ದೊರೆತದ್ದು ಶವಗಳಲ್ಲಿ ನಡೆದ ಅಳತೆಗಳಿಂದ. ಕೆಲವರಲ್ಲಿ ಎರಡು ನರಬೇರುಗಳು ಕೂಡಿಕೊಂಡಿರುತ್ತವೆ. ಅಂಥವರಲ್ಲಿ ತ್ರಿಕೋನದ ಭರವಸೆ ಸಾಲದು. ಸೊಂಟದ ಐದನೆಯ ಕಶೇರು ಮತ್ತು ತ್ರಿಕಾಸ್ಥಿಯ ನಡುವಿನ ಕೊನೆಯ ಡಿಸ್ಕಿಗೆ ಪಕ್ಕದಿಂದ ಹೋಗಲು ಸೊಂಟದೆಲುಬಿನ ಏಣು ಅಡ್ಡಬರುವುದೂ ಉಂಟು.

ಆ ಕೊನೆಯ ಡಿಸ್ಕಿಗಾಗಿಯೇ ತೀರಾ ಭಿನ್ನವಾದ ದಾರಿಯೊಂದನ್ನು ಅಮೆರಿಕದ ಆಂಡ್ರ್ಯೂ ಕ್ರ್ಯಾಗ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. ಬಾಲಮೂಳೆಯ ಪಕ್ಕದಲ್ಲಿ ಸಣ್ಣ ಗಾಯ ಮಾಡಿ, ತ್ರಿಕಾಸ್ಥಿ ಮತ್ತು ಮಲಾಶಯದ ನಡುವಿನ ಕೊಬ್ಬಿನ ಪದರದಲ್ಲಿ ಮೊಂಡು ತುದಿಯ ಸಲಾಕೆಯನ್ನು ಮೂಳೆಗೆ ಒತ್ತಿಕೊಂಡೇ ಮೇಲೊಯ್ದು, ಅಲ್ಲಿಂದ ಡಿಸ್ಕಿನತ್ತ ಕೊರೆಯುವುದು ಇದರ ಕ್ರಮ. ಬೆನ್ನಿನ ಸ್ನಾಯುವನ್ನಾಗಲೀ ಹೊಟ್ಟೆಯನ್ನಾಗಲೀ ತೆರೆಯಬೇಕಿಲ್ಲ. ಶವಗಳಲ್ಲೂ ಪ್ರಾಣಿಗಳಲ್ಲೂ ಪರೀಕ್ಷೆ ನಡೆದ ಬಳಿಕವೇ ಇದು ಮನುಷ್ಯರಿಗೆ ಬಂತು. ನಡುಗೆರೆಯನ್ನು ಬಿಡದಿದ್ದರೆ ರಕ್ತನಾಳಗಳು ದೂರ ಉಳಿಯುತ್ತವೆಂಬುದು ಅಂಗರಚನೆಯ ಆಧಾರ.

ಆದರೂ ಮುಂದೆ ಮಲಾಶಯಕ್ಕೆ ರಂಧ್ರವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದವು. ಹಿಂದೆ ಕಿಬ್ಬೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ಅಥವಾ ಸೋಂಕು ತಗಲಿದ್ದರೆ ಆ ಕೊಬ್ಬಿನ ಪದರ ಅಂಟಿಕೊಂಡಿರುತ್ತದೆ. ಶವ ರಕ್ತ ಸುರಿಸುವುದಿಲ್ಲ, ಅದರ ಕರುಳು ಚಲಿಸುವುದಿಲ್ಲ. ಫಾರ್ಮಾಲಿನ್‌ನಲ್ಲಿಟ್ಟ ಅಂಗಾಂಶ ಗಡುಸಾಗುತ್ತದೆ. ದಾರಿ ಇದೆಯೇ ಎಂಬುದನ್ನು ಶವ ಹೇಳೀತು, ರೋಗಿ ಗುಣವಾಗುವನೇ ಎಂಬುದನ್ನಲ್ಲ. ಹೊಸ ವಿಧಾನವನ್ನು ಸೂಚಿಸಿದ ವೈದ್ಯರಲ್ಲಿ ರೋಗಿ ಈ ಎರಡನೆಯ ಪ್ರಶ್ನೆಯನ್ನೇ ಕೇಳಬೇಕು.

ಇಂಥ ಕಲಿಕೆಗೆ ಬೇಕಾದ ದೇಹಗಳು ಬರುವುದು ಎರಡು ದಾರಿಗಳಿಂದ: 1957ರ ಕರ್ನಾಟಕ ಅಂಗರಚನಾ ಕಾಯ್ದೆಯಡಿ ದೊರೆಯುವ ವಾರಸುದಾರರಿಲ್ಲದ ಶವಗಳು ಮತ್ತು ದೇಹದಾನ. ದಾನ ಬಯಸುವವರು ಸಾಕ್ಷಿಗಳ ಸಹಿಯೊಡನೆ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಒಪ್ಪಿಗೆಪತ್ರ ನೀಡುತ್ತಾರೆ. ಮರಣಾನಂತರ ತಿಳಿಸಬೇಕಾದವರು ಮನೆಯವರು. ಅವರು ಒಪ್ಪದಿದ್ದರೆ ಪತ್ರ ಕಪಾಟಿನಲ್ಲೇ ಉಳಿಯುತ್ತದೆ. ಮರಣೋತ್ತರ ಪರೀಕ್ಷೆಯಾದ ಅಥವಾ ಸಾಂಕ್ರಾಮಿಕ ರೋಗವಿದ್ದ ದೇಹಗಳನ್ನು ಸಾಮಾನ್ಯವಾಗಿ ಸ್ವೀಕರಿಸಲಾಗದು. ನೇತ್ರದಾನ ಮಾಡಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ.