ಕರಾಟೆ ಕಪ್ಪು ಬೆಲ್ಟ್ ಪರೀಕ್ಷೆ

ಕರಾಟೆಯ ಆರಂಭದ ದರ್ಜೆಗಳಿಗೆ ‘ಕ್ಯೂ’ ಎಂದೂ, ಕಪ್ಪು ಬೆಲ್ಟಿನಿಂದ ಮುಂದಿನವಕ್ಕೆ ‘ಡಾನ್’ ಎಂದೂ ಹೆಸರು. ಮೊದಲ ಡಾನ್ ‘ಶೋಡಾನ್’. ಜೂಡೊದಲ್ಲಿ ಜಿಗೊರೊ ಕಾನೊ ರೂಢಿಸಿದ್ದ ಈ ಪದ್ಧತಿಯನ್ನು ಗಿಚಿನ್ ಫುನಾಕೊಶಿ ಕರಾಟೆಗೆ ತಂದರು. 1924ರ ಏಪ್ರಿಲ್‌ನಲ್ಲಿ ಏಳು ಮಂದಿ ಶಿಷ್ಯರಿಗೆ ಮೊದಲ ಡಾನ್ ದರ್ಜೆ ಕೊಟ್ಟರು.

ಪರೀಕ್ಷೆಯಲ್ಲಿ ಮೂರು ಭಾಗಗಳಿರುತ್ತವೆ: ಮೂಲ ಪಟ್ಟುಗಳ ಕಿಹೊನ್, ನಿಗದಿತ ಚಲನೆಗಳ ಕಾತಾ, ಎದುರಾಳಿಯೊಂದಿಗಿನ ಕುಮಿತೆ. ಶೊಟೊಕಾನ್ ಶೈಲಿಯವರು ಹೆಚ್ಚಾಗಿ ಆರಿಸಿಕೊಳ್ಳುವ ಕಾತಾ ‘ಬಸ್ಸಾಯ್ ದಾಯ್’. ಬಲ ಮುಷ್ಟಿಯನ್ನು ಎಡ ಅಂಗೈಯಲ್ಲಿ ಹಿಡಿದು ನಿಂತವರು ಒಮ್ಮೆಲೇ ಮುಂದಕ್ಕೆ ಚಿಮ್ಮಿ, ಎಡಗಾಲನ್ನು ಬಲಗಾಲಿನ ಹಿಂದೆ ಊರಿ, ಬಲಗೈಯಿಂದ ಏಟು ತಡೆಯಬೇಕು. ಇಲ್ಲಿ ಸಮತೋಲ ತಪ್ಪಿದರೆ ಮುಂದಿನ ಹೆಜ್ಜೆಗಳೂ ಕೆಡುತ್ತವೆ. ಅನುಭವಿ ಪರೀಕ್ಷಕರು ಕೈಗಿಂತ ಮೊದಲು ಕಾಲು, ಸೊಂಟ, ಉಸಿರನ್ನು ನೋಡುವುದು ಸರಿಯೇ.

ಕರ್ನಾಟಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಕರಾಟೆ ಪರಿಚಯವಾಗುವ ದಾರಿಗಳಲ್ಲಿ ಸರ್ಕಾರಿ ಶಾಲೆ, ಹಾಸ್ಟೆಲುಗಳೂ ಸೇರಿವೆ. ಸಮಗ್ರ ಶಿಕ್ಷಣದಡಿ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಇದೆ. ಸಮಾಜ ಕಲ್ಯಾಣ ಇಲಾಖೆಯ ಇಂಥದೇ ಯೋಜನೆಗೆ ಚಿತ್ರದುರ್ಗದ ಒನಕೆ ಓಬವ್ವಳ ಹೆಸರಿದೆ. ಕೆಲವೇ ತಿಂಗಳ ಇಂಥ ತರಬೇತಿ ಧೈರ್ಯ ತುಂಬುತ್ತದೆ, ಕಪ್ಪು ಬೆಲ್ಟಿನವರೆಗೆ ಒಯ್ಯದು. ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಕೊಣ್ಣೂರಿನಂಥ ಊರುಗಳ ಮಕ್ಕಳಿಗೆ ನಿತ್ಯ ಕಲಿಸುವ ಗುರು ಹತ್ತಿರದಲ್ಲೇ ಸಿಗುವುದು ಬಹಳ ಮುಖ್ಯ.

ಕಪ್ಪು ಬೆಲ್ಟಿನ ಪ್ರಮಾಣಪತ್ರವನ್ನು ಆಯಾ ಶೈಲಿಯ ಸಂಸ್ಥೆಗಳೇ ಕೊಡುತ್ತವೆ. ಪಠ್ಯ, ವಯೋಮಿತಿ, ಶುಲ್ಕ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಹಣ ಕಟ್ಟುವ ಮುನ್ನ ಆ ಪತ್ರಕ್ಕೆ ಎಲ್ಲೆಲ್ಲಿ ಮಾನ್ಯತೆಯಿದೆ ಎಂದು ಪೋಷಕರು ವಿಚಾರಿಸಿಕೊಳ್ಳಬೇಕು.